ಅಜ್ಜಿ ಬಿಟ್ಟುಕೊಡದ ಮೂಲೆ

ಟ್ವೈಲಾ ಸ್ಕೂಲಿನಿಂದ ಬಂದು ಬಾಗಿಲು ತೆಗೆದಾಗ ಅಪ್ಪ ಟೇಪು ಹಿಡಿದು ಅಜ್ಜಿಯ ಕುರ್ಚಿಯ ಸುತ್ತ ಮಂಡಿಯೂರಿಕೊಂಡು ಸರಿದಾಡುತ್ತಿದ್ದ. ಅಜ್ಜಿ ಮಾತ್ರ ಏನೂ ಆಗಿಲ್ಲ ಎಂಬಂತೆ ಕೂತು ಕೌದಿ ಹೊಲಿಯುತ್ತಿದ್ದಳು.

"ಅಪ್ಪಾ, ಅಜ್ಜಿಗೆ ಕೋಟು ಹೊಲಿಸ್ತೀಯಾ?"

"ತಲೆಹರಟೆ ಸಾಕು. ಮೂಲೆ ಅಳೀತಿದ್ದೀನಿ."

ಆಗ ಟ್ವೈಲಾ ಅದನ್ನು ನೋಡಿದಳು. ನಡುಮನೆಯ ಮಧ್ಯೆ ಇನ್ನೊಂದು ಸ್ಪೀಕರ್! ಅವಳಷ್ಟೇ ಎತ್ತರ, ಅವಳ ಮೂರರಷ್ಟು ದಪ್ಪ, ಹಿಂಬದಿ ಚೂಪು. ಇಂಥದ್ದೇ ಒಂದು ಆಗಲೇ ಎದುರಿನ ಮೂಲೆಯಲ್ಲಿ ಕೂತಿತ್ತು. ಲಿಟಲ್ ರಾಕ್ ಪಟ್ಟಣದಿಂದ ಬೇರೆ ಊರಿಗೆ ಹೊರಟ ಗೆಳೆಯರೊಬ್ಬರು ಅದಕ್ಕೆ ಜೋಡಿಯಾಗುವ ಇದನ್ನು ಅಪ್ಪನಿಗೆ ಕೊಟ್ಟಿದ್ದರು. ಹೊಸದಾಗಿ ಬಂದಿದ್ದ ಸ್ಟೀರಿಯೋ ರೆಕಾರ್ಡಿಗೆ ಎರಡು ಸ್ಪೀಕರ್ ಬೇಕು. ಅಪ್ಪನ ಕಾಲು ನೆಲದ ಮೇಲೇ ಇರಲಿಲ್ಲ.

"ಇಲ್ಲೇ ಇರಲಿ ಬಿಡಪ್ಪ, ನಡುವೆ."

"ಕೇಳು ಹಾಗಾದ್ರೆ," ಎಂದು ಅಪ್ಪ ಆರ್ಗನ್ ವಾದ್ಯದ ರೆಕಾರ್ಡ್ ಹಾಕಿದ. ಹೊಸ ಸ್ಪೀಕರಿನಿಂದ ನೆಗಡಿಯಾದವರು ಹಾಡಿದಂಥ ಸದ್ದು ಬಂತು. "ನೋಡಿದ್ಯಾ? ಇದರೊಳಗೆ ಇರೋದು ಸದ್ದು ಹಿಗ್ಗಿಸೋ ಕಹಳೆಯ ಅರ್ಧ ಮಾತ್ರ. ಉಳಿದರ್ಧ ಮನೆ ಗೋಡೆಗಳೇ. ಮೂಲೆ ಸಿಗದಿದ್ರೆ ದಪ್ಪ ಸ್ವರ ಬರೋದೇ ಇಲ್ಲ."

ನಡುಮನೆಗೆ ಇದ್ದದ್ದು ನಾಲ್ಕೇ ಮೂಲೆ. ಒಂದರಲ್ಲಿ ಹಳೇ ಸ್ಪೀಕರ್, ಒಂದರಲ್ಲಿ ಚಳಿಗಾಲದ ಒಲೆ, ಒಂದರಲ್ಲಿ ಅಡುಗೆಮನೆಯ ಬಾಗಿಲು, ಒಂದರಲ್ಲಿ ಅಜ್ಜಿ. ಒಲೆ, ಬಾಗಿಲು ಅಲ್ಲಾಡುವ ಹಾಗಿಲ್ಲ. ಉಳಿದದ್ದು ಅಜ್ಜಿ ತಾನೇ!

ಅಮ್ಮ ಸೌಟು ಹಿಡಿದೇ ಬಂದಳು. "ನನ್ನಮ್ಮನ್ನ ಎಬ್ಬಿಸಿ ಪೆಟ್ಟಿಗೆ ಕೂರಿಸ್ತೀಯಾ, ವರ್ಜಿಲ್? ಹಾಗಾದ್ರೆ ಇನ್ಮೇಲೆ ಊಟಾನೂ ಪೆಟ್ಟಿಗೇನೇ ಕೇಳು."

"ಕಿಟಕಿ ಹತ್ರ ಕೂರಿಸೋಣ ಕಣೇ. ಆ ಮೂಲೇಲಿ ಬೆಳಕೂ ಇಲ್ಲ, ಗಾಳೀನೂ ಇಲ್ಲ. ಅಲ್ಲೇನಿದೆ ಅಂತ?"

ಅದು ಯಾರಿಗೂ ಗೊತ್ತಿರಲಿಲ್ಲ. ಅಜ್ಜಿಗೆ ಕಿವಿ ಪೂರಾ ಮಂದ. ಆದರೂ ಟೇಪು ನೋಡಿಯೇ ಅವಳಿಗೆ ಎಲ್ಲಾ ಅರ್ಥವಾಗಿತ್ತು. "ನನ್ನ ಒಳಗಿನ ರೂಮಿಗೆ ಹಾಕ್ಬಿಡಿ. ಮುದುಕಿ ಎಲ್ಲಿದ್ರೇನು!" ಎಂದಳು. ಹೇಳುವಾಗ ನಕ್ಕಳು ನಿಜ. ಆದರೆ ಸೂಜಿ ನಿಂತೇ ಹೋಗಿತ್ತು. ಟ್ವೈಲಾ ಅಪ್ಪನ ಕೈಯಿಂದ ಟೇಪು ಕಿತ್ತುಕೊಂಡಳು.

"ಅಪ್ಪಾ, ಮೂಲೆ ಕಟ್ಟೋಣ!"

"ಏನು ಕಟ್ಟೋದು?"

"ಮೂಲೆ! ಎರಡು ಗೋಡೆ ಸೇರಿದ್ರೆ ಮೂಲೆ ತಾನೇ? ಎರಡು ಹಲಗೆ ಸೇರಿಸಿ ಅಡುಗೆಮನೆ ಬಾಗಿಲ ಪಕ್ಕ ನಿಲ್ಲಿಸಿದ್ರೆ ಅದೂ ಮೂಲೇನೇ."

"ಸದ್ಯ, ಮನೇಲಿ ಒಬ್ಬರಿಗಾದ್ರೂ ತಲೆ ಇದೆ," ಎಂದಳು ಅಮ್ಮ.

"ಸರಿ. ನಾಳೆ ಶನಿವಾರ. ಒಂದು ದಿನ ನೋಡೋಣ. ಆಗ್ಲಿಲ್ಲ ಅಂದ್ರೆ ಕುರ್ಚಿ ಎತ್ತೋದೇ," ಎಂದ ಅಪ್ಪ.

ಬೆಳಿಗ್ಗೆಯೇ ಗರಗಸ ಶುರುವಾಯಿತು. ಅಪ್ಪ ಪ್ಲೈವುಡ್ ಕೊಯ್ದ, ಟ್ವೈಲಾ ಹಿಡಿದುಕೊಂಡಳು. ನಾಲ್ಕು ನಾಲ್ಕು ಅಡಿ ಅಗಲದ ಎರಡು ಹಲಗೆಗಳನ್ನು ಪುಸ್ತಕ ಬಿಚ್ಚಿಟ್ಟಂತೆ ಸೇರಿಸಿ ನಿಲ್ಲಿಸಿದರು. ಸ್ಪೀಕರ್ ತಳ್ಳಿದರು. ರೆಕಾರ್ಡ್ ಹಾಕಿದರು.

ಗ್ರ್‌ರ್‌ರ್‌ರ್!

"ಅಯ್ಯೋ, ಅದರೊಳಗೆ ಕರಡಿ ಇದೆ!" ಎಂದು ಟ್ವೈಲಾ ಬಿದ್ದು ಬಿದ್ದು ನಕ್ಕಳು. ಅಪ್ಪನಿಗೂ ನಗು ತಡೆಯಲಾಗಲಿಲ್ಲ. ಹಲಗೆ ತೆಳುವಾಗಿ ನಡುಗುತ್ತಿತ್ತು. ಅದರ ಬೆನ್ನಿಗೆ ಇನ್ನೊಂದು ಪದರ ಪ್ಲೈವುಡ್ ಅಂಟಿಸಿ, ಅಡ್ಡಕ್ಕೆ ಮರದ ಪಟ್ಟಿ ಬಿಗಿದರು. ಕರಡಿ ಓಡಿಹೋಯಿತು. ಆದರೆ ದಪ್ಪ ಸ್ವರ ಮಾತ್ರ ಬರಲಿಲ್ಲ.

ಮೂಲೆಯನ್ನು ಹಿಂದೆ ತಳ್ಳಿದರು, ಮುಂದೆ ಎಳೆದರು. ಸಂಜೆ ಐದಾಯಿತು. ಅಪ್ಪ ಬೆವರು ಒರೆಸಿಕೊಂಡು ಅಜ್ಜಿಯ ಕುರ್ಚಿಯ ಕಡೆ ನೋಡಿದ.

"ಇನ್ನೊಂದು ಸಲ, ಅಪ್ಪಾ! ಪ್ಲೀಸ್!" ಟ್ವೈಲಾ ಅಪ್ಪನ ತೋಳು ಹಿಡಿದೆಳೆದಳು.

ಅಷ್ಟರಲ್ಲಿ ಕೋಲು ಕುಟ್ಟುವ ಸದ್ದು. ಅಜ್ಜಿಯೇ ಎದ್ದು ಬಂದಿದ್ದಳು. ಚಳಿಗಾಲದಲ್ಲಿ ಗಾಳಿ ಎಲ್ಲಿಂದ ನುಗ್ಗುತ್ತದೆ ಎಂದು ಬಾಗಿಲು ಸವರಿ ನೋಡುತ್ತಾರಲ್ಲ, ಹಾಗೆಯೇ ಹಲಗೆಯ ಅಂಚಿನುದ್ದಕ್ಕೂ ಅಂಗೈ ಆಡಿಸಿದಳು.

"ಇಲ್ಲಿ ನೋಡು ವರ್ಜಿಲ್, ಗಾಳಿ ಸೋರ್ತಿದೆ!"

ಸ್ಪೀಕರಿಗೂ ಹಲಗೆಗೂ ನಡುವೆ ಒಂದು ಬೆರಳಿನ ಸಂದು! ಅಪ್ಪ ಹಣೆ ಚಚ್ಚಿಕೊಂಡ. ಬಾಗಿಲ ಕೆಳಗಿನ ಸಂದಿಗೆ ತುರುಕಲು ಅಜ್ಜಿ ಹೊಲಿದಿಟ್ಟಿದ್ದ ಉದ್ದನೆಯ ಬಟ್ಟೆ ಹಾವುಗಳನ್ನು ಟ್ವೈಲಾ ಓಡಿಹೋಗಿ ತಂದಳು. ಆ ಪಕ್ಕ ಎರಡು, ಈ ಪಕ್ಕ ಎರಡು, ಬಿಗಿಯಾಗಿ ತುರುಕಿದರು.

ಈ ಸಲ ಆರ್ಗನ್ ನೆಲದಿಂದಲೇ ಎದ್ದು ಬಂತು. ಕಪಾಟಿನ ತಟ್ಟೆಗಳು ಗಲಗಲ ಅಂದವು.

"ನನ್ನ ತಟ್ಟೆ!" ಎಂದು ಅಮ್ಮ ಕೂಗಿದಳು. ಅಪ್ಪ ಅವಳನ್ನು ಎಳೆದುಕೊಂಡು ಕುಣಿದೇಬಿಟ್ಟ.

"ಅತ್ತೇ, ಇಲ್ಲಿ ಸೋಫಾ ಮೇಲೆ ಕೂತ್ಕೊಳ್ಳಿ! ಇಲ್ಲಿ ಚೆನ್ನಾಗಿ ಕೇಳುತ್ತೆ!" ಎಂದು ಕಿರುಚಿದ. ಅಜ್ಜಿ ಕೈಯಾಡಿಸಿ, ನೀರು ಕುಡಿಯಲು ಅಡುಗೆಮನೆಗೆ ಹೋದಳು.

ಖಾಲಿ ಕುರ್ಚಿ ಕಂಡರೆ ಟ್ವೈಲಾ ಬಿಡುತ್ತಾಳೆಯೇ? ಹತ್ತಿ ಕೂತಳು. ಅಜ್ಜಿಯ ಹಾಗೆ ಆಗೋಣ ಎಂದು ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡಳು.

ಹಾಡು ಹೋಯಿತು. ಆದರೆ ಪೂರ್ತಿ ಹೋಗಲಿಲ್ಲ. ಕುರ್ಚಿಯ ಬೆನ್ನಿನಲ್ಲಿ, ಕಾಲಡಿಯ ಹಲಗೆಯಲ್ಲಿ ಏನೋ ಮೆಲ್ಲಗೆ ಗುಮ್ಮೆನ್ನುತ್ತಿತ್ತು. ಅದು ಹತ್ತಿತು, ಇಳಿಯಿತು, ನಿಂತು ಮತ್ತೆ ಹತ್ತಿತು.

ಟ್ವೈಲಾ ಸೋಫಾಗೆ ಓಡಿ ಮತ್ತೆ ಕಿವಿ ಮುಚ್ಚಿಕೊಂಡಳು. ಏನೂ ಇಲ್ಲ. ಕಿಟಕಿಯ ಹತ್ತಿರ? ಅಲ್ಲೂ ಇಲ್ಲ. ಕುರ್ಚಿಗೆ ಮರಳಿದಳು. ಇತ್ತು! ಮನೆಯ ದಪ್ಪ ಸ್ವರಗಳೆಲ್ಲ ಆ ಮೂಲೆಗೇ ಬಂದು ಸೇರುತ್ತಿದ್ದವು.

ಅಜ್ಜಿ ಈ ಮೂಲೆ ಬಿಡದಿದ್ದದ್ದು ಇದಕ್ಕೇ!

"ಏಳೇ ಕಳ್ಳಿ, ಅದು ನನ್ನ ಜಾಗ," ಎಂದು ಅಜ್ಜಿ ಬಂದು ಕೋಲಿನಿಂದ ತಿವಿದಳು. ಟ್ವೈಲಾ ಎದ್ದಳು. ಅಜ್ಜಿ ಕೂತು, ಬೆನ್ನು ಒರಗಿಸಿ, ಕಣ್ಣು ಮುಚ್ಚಿದಳು. ಅವಳ ಚಪ್ಪಲಿಯ ತುದಿ ತಾಳ ತಪ್ಪದೆ ಆಡತೊಡಗಿತು.

"ಏನ್ ಮಾಡ್ತಿದ್ದೀಯೇ ಅಲ್ಲಿ?" ಎಂದು ಅಪ್ಪ ಕೇಳಿದ.

"ಏನಿಲ್ಲಪ್ಪ."

ಟ್ವೈಲಾ ಅಜ್ಜಿಯ ಸಮೇತ ಕುರ್ಚಿಯನ್ನು ಗೋಡೆಗೆ ಇನ್ನೂ ಒಂದಿಷ್ಟು ಒತ್ತಿ ತಳ್ಳಿದಳು.