ಕಾರ್ಡಿನಲ್ಲಿ ಗಂಡನ ಹೆಸರು

"ಐದರವರೆಗೆ ಎಣಿಸೋಕೆ ಬರುತ್ತಾ ನಿಮಗೆ?"

ಔಷಧಿ ಅಂಗಡಿಯಲ್ಲಿ ನಿಂತಿದ್ದ ಆರೇಳು ಜನ ಒಮ್ಮೆಲೇ ತಿರುಗಿ ನೋಡಿದರು. ಬಿಳಿ ಕೋಟನ್ನೂ ಕಳಚದೆ ಬಾಗಿಲಲ್ಲಿ ನಿಂತಿದ್ದಳು ಲಮಿಯಾ. ಮಹದಿಯಾ ಊರಿನ ಕುಟುಂಬ ಯೋಜನಾ ಕೇಂದ್ರದ ಸೂಲಗಿತ್ತಿ. ಓದಿ ಡಿಗ್ರಿ ಪಡೆದವಳು, ವಯಸ್ಸು ಇಪ್ಪತ್ತೊಂಬತ್ತು, ಕೋಪ ಮಾತ್ರ ಸದಾ ಮೂಗಿನ ತುದಿಯಲ್ಲಿ.

ಕೌಂಟರಿನ ಹಿಂದಿದ್ದ ನೌಫಲ್ ಕೈಯಲ್ಲಿದ್ದ ಕೆಮ್ಮಿನ ಸಿರಪ್ಪನ್ನು ಮೆಲ್ಲಗೆ ಕೆಳಗಿಟ್ಟ.

"ಬರುತ್ತೆ ಮೇಡಂ. ಹತ್ತರವರೆಗೂ ಬರುತ್ತೆ. ಯಾಕೆ?"

ಯಾರೋ ಕಿಸಕ್ಕನೆ ನಕ್ಕರು. ಲಮಿಯಾಳ ಮುಖ ಕೆಂಪಾಯಿತು.

"ನಗ್ಬೇಡಿ! ನೀವು ಕಳಿಸಿದೋಳು ಇವತ್ತು ಬಂದ್ಲು, ಆರನೇ..."

"ಮೇಡಂ," ಎಂದು ಅವನು ನಡುವೆಯೇ ತಡೆದ. ದನಿ ಮೆತ್ತಗಿತ್ತು, ಕಣ್ಣು ಮೆತ್ತಗಿರಲಿಲ್ಲ. "ಒಳಗೆ ಬಂದು ಎಷ್ಟು ಬೇಕಾದ್ರೂ ಬೈಯಿರಿ. ಇಲ್ಲಿ ಬೇಡ."

ಅಯ್ಯೋ... ಇದೇನು ಮಾಡಲು ಹೊರಟಿದ್ದೆ ನಾನು! ರೋಗಿಯ ಗುಟ್ಟನ್ನು ನಡುಬೀದಿಯಲ್ಲಿ! ಲಮಿಯಾ ತುಟಿ ಕಚ್ಚಿಕೊಂಡು ಅವನ ಹಿಂದೆ ಒಳಕೋಣೆಗೆ ಹೋದಳು.

"ಆಕೆ ನನ್ನ ಹತ್ರ ಬಂದಿದ್ದು ಎರಡನೇ ದಿನ," ಎಂದ ನೌಫಲ್. "ಫಿಟ್ಸ್ ಮಾತ್ರೆ ತಗೋತಾಳೆ. ಅದರ ಜೊತೆ ಗರ್ಭ ನಿಲ್ಲದಂತೆ ನಾನು ಕೊಡೋ ತುರ್ತು ಮಾತ್ರೆ ನೆಟ್ಟಗೆ ಕೆಲಸ ಮಾಡಲ್ಲ. ಐದು ದಿನದೊಳಗೆ ಗರ್ಭಕೋಶಕ್ಕೆ ವಂಕಿ ಹಾಕಿಸ್ಕೊಂಡ್ರೆ ಭಯ ಇಲ್ಲ ಅಂತ ಹೇಳಿ, ಆವತ್ತೇ ಚೀಟಿ ಬರೆದು ನಿಮ್ಮಲ್ಲಿಗೆ ಕಳಿಸ್ದೆ. ಬಂದಿದ್ಲು ಕೂಡ. ನಿಮ್ಮ ಮುಂದಿನ ಮೇಜಿನ ಹೆಂಗಸು ಹತ್ತು ಜನರೆದುರು 'ಗಂಡನ ಹೆಸರು?' ಅಂತ ಕಿರುಚಿದ್ಲಂತೆ. ಗಂಡ ಎಲ್ಲಿಂದ ಬರಬೇಕು? ಓಡಿ ಹೋದ್ಲು. ಮತ್ತೆ ಧೈರ್ಯ ಮಾಡೋಷ್ಟರಲ್ಲಿ ನಾಲ್ಕು ದಿನ."

ಆ ಮೇಜಿನ ಮುಂಜಿಯಾ ಚಿಕ್ಕಮ್ಮನ ಗಂಟಲು ಲಮಿಯಾಳಿಗೆ ಗೊತ್ತಿಲ್ಲದ್ದೇನಲ್ಲ. ಕಾನೂನು ಗಂಡನ ಹೆಸರು ಕೇಳುವುದಿಲ್ಲ. ಕೇಳುವುದು ಎಂದೋ ಅಚ್ಚಾದ ಕಾರ್ಡಿನ ಒಂದು ಖಾಲಿ ಜಾಗ, ಮತ್ತು ಮುಂಜಿಯಾ.

"ನಂದು ತಪ್ಪಾಯ್ತು," ಎಂದಳು.

"ಸಿಟ್ಟು ಬಂದಿದ್ದು ತಪ್ಪಲ್ಲ ಬಿಡಿ. ಬಾಗಿಲು ಮಾತ್ರ ತಪ್ಪಾಯ್ತು," ಎಂದು ನೌಫಲ್ ಮೊದಲ ಸಲ ನಕ್ಕ.

ಅಂದು ಸಂಜೆಯೇ ಲಮಿಯಾ ಖಾಲಿ ಕಾರ್ಡುಗಳ ಕಟ್ಟನ್ನು ಎಳೆದುಕೊಂಡು ಕುಳಿತಳು. ಒಂದೊಂದನ್ನೂ ತೆಗೆದು 'ಗಂಡನ ಹೆಸರು' ಎಂಬುದರ ಮೇಲೆ ಪೆನ್ನಿನಿಂದ ದಪ್ಪಗೆ ಗೆರೆ ಎಳೆದಳು.

"ಸರ್ಕಾರಿ ಕಾಗದ ಕಣೇ ಅದು! ನಿಮ್ಮಪ್ಪನ ಮನೇದಲ್ಲ!" ಎಂದು ಮುಂಜಿಯಾ ಬಾಯಿ ಬಡಿದುಕೊಂಡಳು.

"ನೀನು ಕಿರುಚೋದು ನಿಲ್ಸು ಚಿಕ್ಕಮ್ಮ, ನಾನು ಗೆರೆ ಎಳೆಯೋದು ನಿಲ್ಲಿಸ್ತೀನಿ."

ಮುಂಜಿಯಾ ನಿಲ್ಲಿಸಲಿಲ್ಲ. ಹಾಗಾಗಿ ಹೊಸ ಕಟ್ಟು ಬಿಚ್ಚಿದಾಗಲೆಲ್ಲ ಲಮಿಯಾ ಕುಳಿತು ಗೆರೆ ಎಳೆಯುವುದು ಅಲ್ಲಿಯ ಪದ್ಧತಿಯೇ ಆಯಿತು.

ಆರನೇ ದಿನ ಬಂದಿದ್ದ ಆ ಹೆಣ್ಣುಮಗಳು ಎರಡು ವಾರದ ಮೇಲೆ ನಗುತ್ತ ಬಂದಳು. ಹೆದರಿದ್ದು ಆಗಿರಲಿಲ್ಲ. ಆ ಸುದ್ದಿಯನ್ನು ನೌಫಲ್‌ಗೆ ಹೇಳಲೆಂದು ಲಮಿಯಾ ಓಡಿದಳು. ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬೇಡಿ, ಅವಳೂ ಕೇಳಿಕೊಳ್ಳಲಿಲ್ಲ.

ಆಮೇಲೆ ಚೀಟಿಗಳು. ಅವನು ಕಳಿಸುವ ಪ್ರತಿ ಹೆಂಗಸಿನ ಕೈಯಲ್ಲೂ ನಾಲ್ಕು ಮಡಿಕೆಯ ಒಂದು ಚೀಟಿ. ಎಷ್ಟನೇ ದಿನ, ಯಾವ ಔಷಧಿ, ವಂಕಿಯೋ ತೋಳಿನ ಚರ್ಮದಡಿ ಇಡುವ ಕಡ್ಡಿಯೋ. ಎಲ್ಲದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು.

'ಈಕೆ ಹೆದರಿದಾಗ ನಗುತ್ತಾರೆ. ಬೇಜಾರು ಮಾಡ್ಕೋಬೇಡಿ.'

'ಬೆಳಗಿನಿಂದ ಏನೂ ತಿಂದಿಲ್ಲ. ಮೊದಲು ಒಂದು ಲೋಟ ಚಹಾ.'

ಇಷ್ಟೊಂದು ನೋಡ್ತಾನಾ ಈ ಮನುಷ್ಯ? ಲಮಿಯಾ ಆ ಸಾಲುಗಳಿಗೆ ಕಾಯತೊಡಗಿದಳು. ಒಂದು ದಿನ ಬಂದ ಚೀಟಿಯ ಕೆಳಗೆ ಹೀಗಿತ್ತು: 'ಇದು ರೋಗಿಯ ವಿಷಯ ಅಲ್ಲ. ಶುಕ್ರವಾರ ನಮ್ಮಮ್ಮ ಮೀನಿನ ಕುಸ್‌ಕುಸ್ ಮಾಡ್ತಾಳೆ. ನಿಮ್ಮನ್ನು ಕರೆದುಕೊಂಡು ಬಾ ಅಂದಿದ್ದಾಳೆ.'

ಅವನ ತಾಯಿ ಹಬೀಬಾ ಅವಳ ತಟ್ಟೆಗೆ ಮೀನಿನ ತಲೆಯನ್ನೇ ಬಡಿಸಿದಳು. ಆ ಮನೆಯಲ್ಲಿ ಅದು ಸೊಸೆಗೆ ಮಾತ್ರ. ಲಮಿಯಾಳಿಗೆ ತಲೆ ಎತ್ತಲಾಗಲಿಲ್ಲ.

ನಿಶ್ಚಿತಾರ್ಥವಾಯಿತು. ರಂಜಾನ್ ಕಳೆದು ನಲವತ್ತನೇ ದಿನಕ್ಕೆ ಮದುವೆ. ಅಷ್ಟರಲ್ಲಿ ಸ್ಫಾಕ್ಸ್‌ನಲ್ಲಿದ್ದ ಅಕ್ಕನಿಗೆ ದಿನ ತುಂಬಿತು. ಮನೆಯಲ್ಲೇ ಸೂಲಗಿತ್ತಿ ಇರುವಾಗ ಬೇರೆಯವರನ್ನು ಕರೆಯುತ್ತಾರೆಯೇ? ಲಮಿಯಾ ಎರಡು ವಾರ ರಜೆ ಹಾಕಿ, ಬದಲಿಗೆ ಬಂದ ಸೂಲಗಿತ್ತಿಗೆ ಕೆಲಸ ಒಪ್ಪಿಸಿ ಹೊರಟಳು. ಹೊರಡುವ ಗಡಿಬಿಡಿಯಲ್ಲಿ ಹೊಸ ಕಾರ್ಡುಗಳ ಕಟ್ಟು ಬೀರುವಿನಲ್ಲೇ ಉಳಿಯಿತು. ಗೆರೆ ಎಳೆದಿರಲಿಲ್ಲ.

ಹಬ್ಬದ ರಜೆ ಮುಗಿಸಿ ವಾಪಸ್ ಬಂದವಳು ಕಾರ್ಡುಗಳನ್ನು ಜೋಡಿಸಲು ಕುಳಿತಳು. ಐದನೆಯದೋ ಆರನೆಯದೋ ಕಾರ್ಡು.

ಹೆಸರು: ಅಬೀರ್. ವಯಸ್ಸು: ಇಪ್ಪತ್ತೊಂದು. ಐದನೇ ದಿನ, ಹಬ್ಬದ ಹಿಂದಿನ ದಿನ. ವಂಕಿ ಹಾಕಲಾಗಿದೆ.

ಗಂಡನ ಹೆಸರು: ನೌಫಲ್ ಶ್ತಿವಿ.

ಅದೇ ಕೈಬರಹ... ಚೀಟಿಗಳ ಕೆಳಗಿನ ಸಾಲುಗಳನ್ನು ಬರೆದ ಅದೇ ಕೈ!

ಲಮಿಯಾ ಕಾರ್ಡನ್ನು ಮೂರು ಸಲ ಓದಿದಳು. ಬೇರೆಯವರಿಗೆಲ್ಲ ಚೀಟಿ ಕೊಟ್ಟು ಕಳಿಸುತ್ತಾನೆ. ಇವಳಿಗೆ ಚೀಟಿ ಇಲ್ಲ. ತಾನೇ ಕರೆದುಕೊಂಡು ಬಂದಿದ್ದಾನೆ... ನಾನು ಊರಲ್ಲಿ ಇಲ್ಲದಾಗ!

"ಹಬ್ಬದ ಹಿಂದಿನ ದಿನ ಯಾರಿದ್ರು ಚಿಕ್ಕಮ್ಮ ಮೇಜಿನ ಹತ್ರ?" ಎಂದು ಕೇಳಿದಳು.

"ನಾನು ಸೂಸ್‌ಗೆ ಮಗನ ಮನೆಗೆ ಹೋಗಿದ್ನಲ್ಲ. ದೊಡ್ಡ ಆಫೀಸಿನಿಂದ ಯಾವನೋ ಗುಮಾಸ್ತನ್ನ ಕಳ್ಸಿದ್ರು. ಯಾಕೆ, ಏನ್ ತಪ್ ಬರ್ದಿದಾನೆ?"

"ಏನಿಲ್ಲ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ ಹಿರಿಯರು. ಸರಿ, ಆದರೆ ಹೇಗೆ ನೋಡುವುದು? ಕಾರ್ಡು ರೋಗಿಯದು. ಅದರಲ್ಲಿರುವ ಒಂದಕ್ಷರವನ್ನೂ ಹೊರಗೆ ಉಸಿರುವುದಿಲ್ಲ ಎಂದು ಕೈಯೆತ್ತಿ ಪ್ರಮಾಣ ಮಾಡಿದವಳು ಅವಳು. 'ಆ ಹುಡುಗಿ ಯಾರು?' ಎಂದು ಅವನನ್ನು ಕೇಳಿದರೆ ಆ ಕ್ಷಣವೇ ಪ್ರಮಾಣ ಮುರಿದಂತೆ.

ಬಾಯಿಗೆ ಬಂದ ಪ್ರಶ್ನೆಯನ್ನು ಲಮಿಯಾ ನುಂಗಿದಳು. ಮೂರನೇ ದಿನ ಉಂಗುರವನ್ನೂ, ಹಬ್ಬಕ್ಕೆ ಅವರ ಮನೆಯಿಂದ ಬಂದಿದ್ದ ಬಳೆ, ಸಿಹಿಯ ತಟ್ಟೆಗಳನ್ನೂ ತನ್ನ ಸೋದರತ್ತೆಯ ಕೈಯಲ್ಲಿ ವಾಪಸ್ ಕಳಿಸಿದಳು.

ಅವನು ಓಡಿ ಬಂದ. ಶರ್ಟಿನ ಗುಂಡಿ ಮೇಲೆ ಕೆಳಗಾಗಿತ್ತು.

"ಒಂದು ಕಾರಣ ಹೇಳು ಲಮಿಯಾ. ಒಂದೇ ಒಂದು."

"ಕಾರಣ ಇಲ್ಲ."

"ನಾನೇನಾದ್ರೂ ಮಾಡಿದ್ನಾ?"

ನೀನೇ ಹೇಳು... ದೇವರಾಣೆ, ನೀನೇ ಹೇಳಿಬಿಡು! ಅವಳು ಅವನ ಮುಖವನ್ನೇ ನೋಡಿದಳು. ಅವನು ನಿಜವಾಗಿಯೂ ಏನೂ ತಿಳಿಯದವನಂತೆ ನಿಂತಿದ್ದ. ಎಷ್ಟು ಚೆನ್ನಾಗಿ ನಟಿಸುತ್ತಾನೆ ಎಂದುಕೊಂಡಳು.

"ಹೋಗು ನೌಫಲ್."

ಬಾಗಿಲು ಮುಚ್ಚಿ, ಅದಕ್ಕೇ ಒರಗಿ ನೆಲಕ್ಕೆ ಕುಸಿದು, ಸೆರಗಿನಂತೆ ಹೊದ್ದಿದ್ದ ಶಾಲನ್ನು ಬಾಯಿಗೆ ತುರುಕಿಕೊಂಡು ಅತ್ತಳು.

ಊರು ಸಣ್ಣದು. ಅವನ ಅಂಗಡಿಗೂ ಅವಳ ಕೇಂದ್ರಕ್ಕೂ ನಡುವೆ ಏಳೇ ಓಣಿ. ಚೀಟಿಗಳು ಬರುತ್ತಲೇ ಇದ್ದವು, ಹೆಂಗಸರ ಕಷ್ಟ ಇವರಿಬ್ಬರ ಮುನಿಸಿಗೆ ಕಾಯುತ್ತದೆಯೇ? ಎಷ್ಟನೇ ದಿನ, ಯಾವ ಔಷಧಿ, ವಂಕಿಯೋ ಕಡ್ಡಿಯೋ. ಅದರ ಕೆಳಗೆ ಮಾತ್ರ ಏನೂ ಇರುತ್ತಿರಲಿಲ್ಲ. ಪ್ರತಿ ಸಲವೂ ಲಮಿಯಾ ಚೀಟಿಯನ್ನು ತಿರುಗಿಸಿ ಹಿಂಬದಿ ನೋಡುತ್ತಿದ್ದಳು. ನಾಚಿಕೆಯಿಲ್ಲದ ಕಣ್ಣು!

ಎರಡನೇ ವರ್ಷ ಹಬೀಬಾ ತೀರಿಹೋದಳು. ಸಮುದ್ರದ ದಡದ ಗೋರಿಗಳತ್ತ ಜನ ಹೊರಟದ್ದನ್ನು ಲಮಿಯಾ ಕೇಂದ್ರದ ಕಿಟಕಿಯಿಂದ ನೋಡಿದಳು. ಮೀನಿನ ತಲೆ ಬಡಿಸಿದ ಆ ಕೈ ಕಣ್ಣಿಗೆ ಕಟ್ಟಿತು. ಹೋಗಲು ಅವಳಿಗೆ ಯಾವ ಸಂಬಂಧದ ಹೆಸರೂ ಉಳಿದಿರಲಿಲ್ಲ.

ಮೂರನೇ ವರ್ಷದ ಒಂದು ಬೆಳಿಗ್ಗೆ ಒಬ್ಬ ತರುಣಿ ಒಳಗೆ ಬಂದು ಕುಳಿತಳು.

"ವಂಕಿ ತೆಗೆಸ್ಬೇಕಿತ್ತು ಅಕ್ಕ. ಮದುವೆ ಆಗಿ ಒಂದು ವರ್ಷ ಆಯ್ತು. ಈಗ ಮಗು ಬೇಕು ಅಂತ ನಾವಿಬ್ರೂ... ತೆಗೆದ್ರೆ ಆಗುತ್ತಲ್ವಾ?"

"ತೆಗೆದ ತಿಂಗಳೇ ನಿಂತ್ರೂ ನಿಲ್ಲಬಹುದು, ಹೆದರ್ಬೇಡ," ಎನ್ನುತ್ತ ಲಮಿಯಾ ಕಾರ್ಡು ಹುಡುಕಿದಳು. "ಹೆಸರು?"

"ಅಬೀರ್."

ಲಮಿಯಾಳ ಕೈ ಕಾರ್ಡುಗಳ ಮೇಲೆ ನಿಂತಿತು. ಮದುವೆಯಾಗಿ ಒಂದು ವರ್ಷ? ಹಾಗಾದರೆ... ಅವನು? ಆದರೂ ಅವಳು ಕೇಳಲಿಲ್ಲ. ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಅಬೀರ್ ಅದನ್ನು ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ ದೇವ್ರೇ, ಇನ್ನೂ ಹಾಗೇ ಇದೆಯಾ? ಅಕ್ಕ, ದಮ್ಮಯ್ಯ, ಅದನ್ನ ಹೊಡೆದು ಹಾಕಿ. ಅವರು ನನ್ನ ಗಂಡ ಅಲ್ಲ."

"ಮತ್ತೆ?" ಎಂದಳು ಲಮಿಯಾ.

"ಔಷಧಿ ಅಂಗಡಿ ಡಾಕ್ಟ್ರು. ನಾನು ಆಗ ಮೀನಿನ ಫ್ಯಾಕ್ಟ್ರೀಲಿ ಕೆಲ್ಸ ಮಾಡ್ತಿದ್ದೆ. ಮದುವೆ ಆಗ್ತೀನಿ ಅಂದವನು ದೋಣಿ ಹತ್ತಿ ಇಟಲಿಗೆ ಓಡಿಹೋದ. ಡಾಕ್ಟ್ರ ಹತ್ರ ಹೋಗೋ ಹೊತ್ತಿಗೆ ಮಾತ್ರೆಯ ಗಡುವು ಮುಗಿದಿತ್ತು. ಮಾರನೇ ದಿನ ಹಬ್ಬದ ರಜೆ. ಚೀಟಿ ಕೊಟ್ರೆ ನೀನು ಬಾಗಿಲಿಂದಾನೇ ಓಡಿಹೋಗ್ತೀಯ, ನಡಿ, ನಾನೇ ಬರ್ತೀನಿ ಅಂದ್ರು. ಇಲ್ಲಿ ಒಬ್ಬ ಗುಮಾಸ್ತ 'ಗಂಡನ ಹೆಸರು ಹೇಳು, ಇಲ್ಲಾಂದ್ರೆ ಎದ್ದು ನಡಿ' ಅಂತ ಕೂಗಾಡ್ದ. ಡಾಕ್ಟ್ರು ಪೆನ್ನು ಕಿತ್ಕೊಂಡು ತಮ್ಮ ಹೆಸರೇ ಬರೆದುಬಿಟ್ರು."

ಗೆರೆ ಎಳೆಯದ ಕಟ್ಟು... ಬೀರುವಿನಲ್ಲಿ ಬಿಟ್ಟುಹೋದ ಕಟ್ಟು!

"ಅವರಿಗೂ ಮದುವೆ ಗೊತ್ತಾಗಿತ್ತಂತೆ ಆಗ. ಆಮೇಲೆ ಯಾಕೋ ಮುರಿದುಹೋಯ್ತಂತೆ ಪಾಪ," ಎಂದಳು ಅಬೀರ್. ಆಮೇಲೆ ತಲೆಯೆತ್ತಿ ನೋಡಿ ಗಾಬರಿಯಾದಳು. "ಅಕ್ಕ? ಯಾಕಕ್ಕ ಅಳ್ತಿದೀರಾ?"

ಲಮಿಯಾ ಮುಖ ಒರೆಸಿಕೊಂಡಳು. ಮೊದಲು ಕೈ ತೊಳೆದು ಕೆಲಸ ಮುಗಿಸಿದಳು. ಆಮೇಲೆ ಅಬೀರಳ ಎದುರು ಕುಳಿತಳು.

"ನೀನು ಹೇಳಿದ್ದನ್ನ ನಾನು ಒಬ್ಬರ ಹತ್ರ ಹೇಳಬಹುದಾ ತಂಗಿ? ಆ ಡಾಕ್ಟರ ಹತ್ರ ಮಾತ್ರ. ಬೇಡ ಅಂದ್ರೆ ಇಲ್ಲೇ ಮರೀತೀನಿ."

ನಿಧಾನವಾಗಿ ಅಬೀರಳ ಕಣ್ಣು ಅರಳಿತು.

"ಅವರು ಮದುವೆ ಆಗ್ಬೇಕಿದ್ದ ಹುಡುಗಿ... ನೀವಾ?"

ಲಮಿಯಾ ಹೌದೆಂದು ತಲೆಯಾಡಿಸಿದಳು.

"ಹೇಳಿ ಅಕ್ಕ. ಈಗಲೇ ಹೋಗಿ ಹೇಳಿ!"

ಮಧ್ಯಾಹ್ನ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ನೌಫಲ್‌ನ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಅವಳನ್ನು ನೋಡಿ ಎದ್ದು ನಿಂತ.

"ಹೇಳಿ ಮೇಡಂ. ಏನು ಬೇಕಿತ್ತು ನಿಮಗೆ?"

ನಿಮಗೆ! ಎದೆಗೆ ಚುಚ್ಚಿದಂತಾಯಿತು ಅವಳಿಗೆ.

"ಅಬೀರ್ ಬಂದಿದ್ಲು."

ಅವನ ಮುಖ ಅಲುಗಲಿಲ್ಲ. "ಆ ಹೆಸರಿನವರು ಯಾರೂ ನನಗೆ ಗೊತ್ತಿಲ್ಲ."

ಮೂರು ವರ್ಷವಾದ ಮೇಲೂ! ಲಮಿಯಾಳ ಕಣ್ಣು ತುಂಬಿ ಹರಿಯಿತು.

"ಅವಳೇ ಹೇಳಿದ್ಲು ನೌಫಲ್. ನಿನ್ನ ಹತ್ರ ಹೇಳು ಅಂತ ಅವಳೇ ಕಳಿಸಿದ್ಲು. ಮದುವೆ ಆಗಿದೆ. ಚೆನ್ನಾಗಿದಾಳೆ. ಮಗು ಬೇಕಂತೆ."

ಅವನು ಕೌಂಟರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಚೆನ್ನಾಗಿದಾಳಾ?" ಎಂದ. ಅಷ್ಟೇ ಹೇಳಿ ಕುಳಿತುಬಿಟ್ಟ.

"ನಿನಗೆ ಗೊತ್ತಿತ್ತಾ? ನಾನು ಯಾಕೆ..."

"ಉಂಗುರ ವಾಪಸ್ ಬಂದ ಎಂಟನೇ ದಿನ ಹೊಳೀತು. ಆ ಕಾರ್ಡು ನಿನ್ನ ಮೇಜಿಗೇ ಬರುತ್ತೆ ಅಂತ. ನಿಮ್ಮ ಬೀದಿವರೆಗೂ ಬಂದೆ ಲಮಿಯಾ. ಬೀದಿ ತುದೀಲಿ ಅಬೀರಳ ಅಣ್ಣನ ಮಾಂಸದಂಗಡಿ ಇದೆಯಲ್ಲ, ಕತ್ತಿ ಮಸೀತಾ ಕೂತಿದ್ದ. ನನಗೆ ಸಲಾಂ ಹೇಳ್ದ. ಯಾರಿಗೂ ಹೇಳಲ್ಲ ಅಂತ ಆ ಹುಡುಗಿಗೆ ಮಾತು ಕೊಟ್ಟಿದ್ದೆ. ಯಾರಿಗೂ ಅಂದ್ರೆ ನಿನಗೂ. ವಾಪಸ್ ಹೋದೆ."

"ಮೂರು ವರ್ಷ..." ಎಂದಳು ಅವಳು. "ನಾನು ಹಾಳಾದೋಳು! ನಿನ್ನನ್ನ ಎಷ್ಟು ಕೆಟ್ಟೋನು ಅಂದ್ಕೊಂಡೆ..."

"ಅಮ್ಮ ಕೊನೇವರೆಗೂ ಕೇಳ್ತಿದ್ಲು. ಆ ಹುಡುಗಿಗೆ ಏನೋ ಮಾಡಿದೀಯ, ಹೇಳೋ ಅಂತ. ಅವಳಿಗೂ ಹೇಳ್ಲಿಲ್ಲ. ನಾನು ಕೆಟ್ಟೋನು ಅಂದ್ಕೊಂಡೇ ಹೋದ್ಲು."

ಸತ್ತವರ ಹತ್ತಿರ ಹೋಗಿ ತಿದ್ದಿ ಹೇಳಲಾಗುವುದಿಲ್ಲ. ಲಮಿಯಾ ಕೌಂಟರಿನ ಮೇಲೆ ತಲೆಯಿಟ್ಟು ಬಿಕ್ಕಿದಳು. ಬಹಳ ಹೊತ್ತಿನ ಮೇಲೆ ಅವನ ಕೈ ಅವಳ ತಲೆಯ ಮೇಲೆ ಬಂತು.

"ಒಂದು ಸಲ ಬಾಯಿಬಿಟ್ಟು ಕೇಳಬಾರದಿತ್ತಾ ನೀನು?"

"ರೋಗಿಯ ಕಾರ್ಡು ಅದು. ಹೇಗೆ ಕೇಳಲಿ?" ಎಂದು ಅವಳು ತಲೆಯೆತ್ತಿದಳು. "ಕೇಳಿದ್ರೆ ಹೇಳ್ತಿದ್ಯಾ?"

ಅವನು ಅವಳನ್ನು ನೋಡಿದ. ರೋಗಿಯ ಗುಟ್ಟು ಕಾಯಲಲ್ಲದೆ ಬೇರೆ ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ.

"ಇಲ್ಲ."

"ಗೊತ್ತು," ಎಂದಳು ಲಮಿಯಾ. ಅಳುವಿನ ನಡುವೆಯೇ ಸ್ವಲ್ಪ ನಕ್ಕಳು. "ಹೇಳೋನಾಗಿದ್ರೆ ನಾನು ಇವತ್ತು ಬರ್ತಾನೇ ಇರ್ಲಿಲ್ಲ."

ನೌಫಲ್ ಕಣ್ಣೊರೆಸಿಕೊಂಡ. ಎದ್ದು ಬಂದು ಕೌಂಟರಿನ ಅಡ್ಡಹಲಗೆ ಎತ್ತಿ ಹಿಡಿದ.

"ಊಟ ಮಾಡಿದ್ಯಾ?"

"ಇಲ್ಲ."

"ನಾನೂ ಮಾಡಿಲ್ಲ. ಒಳಗೆ ಬಾ."