ಒಣ ಕಲ್ಲಿಗೆ ಕಟ್ಟಿದ ಬಟ್ಟೆ

ಸುನಂದಾ ಆಟೋದಿಂದ ಇಳಿದವಳೇ ಮಹಾನಂದಾಬಾಯಿಯವರ ಮನೆಯ ಕಟ್ಟೆಯ ಮೇಲೆ ಕುಸಿದು ಕುಳಿತಳು. "ಅಕ್ಕಾರ, ನನ್ನ ಗಂಡನ್ನ ಸ್ಟೇಶನ್ನಿಗೆ ಒಯ್ದಾರ್ರಿ. ಒಬ್ಬರಿಗೆ ಕೇಡು ಬಗಿಯೂ ಮನಷ್ಯಾ ಅಲ್ರಿ ಅವ."

ನಿವೃತ್ತ ಪೊಲೀಸ್ ಫೌಜದಾರ ಮಹಾನಂದಾಬಾಯಿ ಚಪ್ಪಲಿ ಮೆಟ್ಟಿದರು. ಅವರನ್ನು ಎಲ್ಲೆಡೆ ಕರೆದೊಯ್ಯುವ ನಜೀರಸಾಬ ಆಟೋ ತಿರುಗಿಸಿದ. ಬಾದಾಮಿಯ ಹುಡುಗರಿಗೆಲ್ಲ ಪುಕ್ಕಟೆ ಬಂಡೆ ಹತ್ತಲು ಕಲಿಸಿದವನು ಸುನಂದಾಳ ಗಂಡ ಸೋಮಲಿಂಗ. ಆ ಬಂಡೆಯ ತುದಿಯಲ್ಲಿ ಹಗ್ಗ ಹಿಡಿಯುವ ಬೋಲ್ಟುಗಳ ನಟ್ಟನ್ನು ಯಾರೋ ಸಡಿಲಿಸಿದ್ದರು. ತಾನೇ ಹಗ್ಗ ಕಟ್ಟಿಕೊಂಡು ಹತ್ತಿದ್ದ ರೆಸಾರ್ಟಿನ ಅತಿಥಿ ಅನುರಾಧಾ ಬಿದ್ದು, ಸೊಂಟ ಮುರಿದು ಬಾಗಲಕೋಟೆಯ ದವಾಖಾನೆ ಸೇರಿದ್ದಳು. ರೆಸಾರ್ಟಿನವರು ಬಸ್ಸುಗಟ್ಟಲೆ ಜನ ತರುತ್ತಾರೆಂದು ಸೋಮಲಿಂಗ ಜಗಳವಾಡಿದ್ದ. ಪೊಲೀಸರಿಗೆ ಅಷ್ಟು ಸಾಕಾಯಿತು.

ಬಂಡೆಯ ಬುಡದಲ್ಲಿ ಬಾಬಣ್ಣ ಕಾದಿದ್ದ. ಇಳಕಲ್ಲಿನ ನೇಕಾರರ ಮನೆಯ ಹುಡುಗ, ಸೋಮಲಿಂಗನ ಶಿಷ್ಯ, ಈಗ ರೆಸಾರ್ಟಿನ ಗೈಡ್. ಇಲ್ಲಿಗೆ ಅತಿಥಿಗಳನ್ನು ಮೊದಲು ಕರೆತಂದವನೂ ಅವನೇ. ರೆಸಾರ್ಟಿನವರು ಈಚೆಗೆ ಟಿಕೆಟ್ ಕೊಂಡು ಹತ್ತುವ ಸಿಮೆಂಟ್ ಗೋಡೆಯೊಂದನ್ನೂ ಎಬ್ಬಿಸಿದ್ದರು. ಪುಕ್ಕಟೆ ಬಂಡೆಯಿರುವಾಗ ಅದನ್ನು ಯಾರು ಹತ್ತುತ್ತಾರೆ ಎಂದು ನಜೀರಸಾಬ ನಗುತ್ತಿದ್ದ.

ಬುಡದ ಗಿಡದಲ್ಲಿ ಕೆಂಪು ಬಟ್ಟೆಯ ತುಂಡೊಂದನ್ನು ಯಾರೋ ಕಟ್ಟಿದ್ದರು, ತುದಿಯಲ್ಲಿ ನೇಯದ ಎಳೆಗಳು ಜೋಲುತ್ತಿದ್ದವು. "ಇದೇನು?" ಎಂದರು ಮಹಾನಂದಾಬಾಯಿ.

"ಮಳಿ ಆದ ಮ್ಯಾಲೆ ಕಲ್ಲು ಕಿತ್ತು ಕೈಗೆ ಬರ್ತೈತ್ರಿ. ಮೊದಲು ನೋಡಿದವ್ರು ಬಟ್ಟಿ ಕಟ್ಟತಾರ. ಅದನ್ನ ಕಂಡ್ರ ನಮ್ಮ ಹುಡುಗ್ರು ಯಾರೂ ಹತ್ತಂಗಿಲ್ರಿ," ಎಂದ ಬಾಬಣ್ಣ.

ನಜೀರಸಾಬ ಬೆವರು ಒರೆಸಿಕೊಂಡ. "ಯಾವ ಮಳಿಯೋ ಮಾರಾಯ? ನಮ್ಮ ಮನ್ಯಾಕಿ ಜೈನಬಿ ವಾರದಿಂದ ಮಾಳಿಗಿ ಮ್ಯಾಲೆ ಮೆಣಸಿನಕಾಯಿ ಒಣಗಿಸಾಕತ್ತಾಳ."

ಮಹಾನಂದಾಬಾಯಿ ಗಿಡದಿಂದ ಆ ತುಂಡನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡರು.

ಮರುದಿನ ಠಾಣೆಯಲ್ಲಿ ಸೋಮಲಿಂಗನ ಎದುರೇ ಎಲ್ಲರನ್ನೂ ಕೂಡಿಸಿ, ಮಹಾನಂದಾಬಾಯಿ ಬಟ್ಟೆಯನ್ನು ಮೇಜಿನ ಮೇಲಿಟ್ಟರು. "ಮಳಿ ಇದ್ದಿಲ್ಲ, ಆದ್ರೂ ಹತ್ತಬ್ಯಾಡ್ರಿ ಅನ್ನೂ ಬಟ್ಟಿ ಇತ್ತು. ಅಂದ್ರ ನಟ್ಟು ಸಡಲ ಆಗಿದ್ದು ಕಟ್ಟಿದವಗ ಗೊತ್ತಿತ್ತು. ಸೋಮಲಿಂಗ ಸಿಟ್ಟಿಗೆ ಮಾಡಿದ್ರ ಮಂದಿ ಬೀಳ್ಲಿ ಅಂತ ಮಾಡ್ತಿದ್ದ, ಬಟ್ಟಿ ಕಟ್ಟಿ ತಡೀತಿದ್ದಿಲ್ಲ. ಇದನ್ನ ಮಾಡಿದವಗ ಯಾರೂ ಬೀಳೂದು ಬೇಕಿದ್ದಿಲ್ಲ. ಧೋಕಾ ಐತಿ, ಯಾರರ ಬಿದ್ದಾರು ಅಂತ ಗುಡ್ಡ ಬಂದ್ ಆದ್ರ ಸಾಕಿತ್ತು. ಬಂದ್ ಆದ್ರ ಎಲ್ಲಾರೂ ಸಿಮೆಂಟ್ ಗೋಡಿಗೆ ಹೋಗ್ಬೇಕಲ್ಲ."

ಅವರು ಜೋಲುವ ಎಳೆಗಳನ್ನು ಬೆರಳಿಂದ ಸವರಿದರು. "ಸೀರಿ ಮುಗಿದ ಮ್ಯಾಲೆ ಮಗ್ಗದಾಗ ಉಳಿಯೂ ತುಂಡು ಇದು. ಅಂಗಡ್ಯಾಗ ಮಾರಂಗಿಲ್ಲ, ನೇಕಾರರ ಮನ್ಯಾಗ ಬಿದ್ದಿರತೈತಿ. ಬಾಬಣ್ಣ, ಆ ಗೋಡಿಗೆ ನಿನ್ನ ಮುಖ್ಯಸ್ಥನ್ನ ಮಾಡತೇವಿ ಅಂದಿದ್ರೇನು?"

ಬಾಬಣ್ಣ ತಲೆ ತಗ್ಗಿಸಿ ಹೂಂಗುಟ್ಟಿದ. ನಜೀರಸಾಬನಿಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಅಂತಲೂ ಅನಿಸಿತು.

"ಬಟ್ಟಿ ನೋಡಿ ಎಲ್ಲಾರೂ ತಿರುಗಿ ಹೋಗ್ತಾರ ಅನಕೊಂಡಿದ್ನೋ ಸೋಮಣ್ಣ," ಬಾಬಣ್ಣ ಸೋಮಲಿಂಗನ ಕಡೆ ತಿರುಗಿದ. "ಬಿದ್ದಾಕಿ ಅದನ್ನ ಯಾರೋ ದೇವರಿಗೆ ಕಟ್ಟಿದ ಹರಕಿ ಬಟ್ಟಿ ಅನಕೊಂಡ್ಳಂತ. ನಮ್ಮ ಗುಡ್ಡಕ್ಕ ಬಂದವ್ರಿಗೆ ಅಷ್ಟೂ ಗೊತ್ತಿರಂಗಿಲ್ಲೇನು?"

ಸೋಮಲಿಂಗ ಆ ಬಟ್ಟೆಯನ್ನು ಎತ್ತಿ ಬಾಬಣ್ಣನ ಮುಂದಿಟ್ಟ.

"ಅವ್ರಿಗೆ ಈ ಗುಡ್ಡದ ದಾರಿ ತೋರಿಸಿದವ ನೀನ ಅಲ್ಲೇನಲೇ, ಬಾಬ್ಯಾ. ಬಟ್ಟಿ ಅಂದ್ರ ಏನಂತನೂ ನೀನ ಹೇಳಬೇಕಿತ್ತು."