ಕನ್ನಡಿಯೊಡನೆ ಕಾದಿದ ಕೆಂಪು ಮೀನು

ಅಜ್ಜನ ಅಜ್ಜನಿಗೂ ಅಜ್ಜ ಹುಟ್ಟುವುದಕ್ಕೆ ಮುಂಚೆ, ಹರಳುಕೋಟೆಯೆಂಬ ರಾಜ್ಯದಲ್ಲಿ ಕೀರ್ತಿಧವಳನೆಂಬ ರಾಜನಿದ್ದ. ಮನುಷ್ಯ ಒಳ್ಳೆಯವನೇ. ಆದರೆ ಹಗ್ಗ ಕಂಡರೆ ಹಾವು ಅನ್ನುವವನು. ಗೋಡೆಗೂ ಕಿವಿಯಿರುತ್ತದೆ ಎಂದು ಯಾರೋ ಹೇಳಿದ್ದಕ್ಕೆ, ಆ ಕಿವಿ ಮುಚ್ಚಲೆಂದು ಅರಮನೆಯ ಗೋಡೆಗಳಿಗೆಲ್ಲ ಎರಡೆರಡು ಸಲ ಗಾರೆ ಮೆತ್ತಿಸಿದ್ದ. ಅವನ ಊಟವನ್ನು ಮೊದಲು ಮೂವರು ರುಚಿ ನೋಡಬೇಕು, ಆಮೇಲೆ ಅವರು ಸಾಯುತ್ತಾರೋ ಇಲ್ಲವೋ ಎಂದು ಕಾಯಬೇಕು. ಹೀಗಾಗಿ ಪಟ್ಟಕ್ಕೆ ಬಂದಂದಿನಿಂದ ಪಾಪ, ಆ ರಾಜ ಒಂದು ದಿನವೂ ಬಿಸಿ ಅನ್ನ ಉಂಡಿರಲಿಲ್ಲ.

ಇಂಥವನಿಗೆ ಪದುಮಲೆಯೆಂಬ ಮಗಳು ಹುಟ್ಟಿದಳು. ರಾಣಿ ಹೆರಿಗೆಯಲ್ಲೇ ತೀರಿಕೊಂಡಳು. ಮಗುವನ್ನೂ ಯಾರಾದರೂ ಕೊಂದುಬಿಟ್ಟರೆ ಎಂದು ರಾಜನಿಗೆ ನಿದ್ದೆಯೇ ಹತ್ತಲಿಲ್ಲ. ಆಗ ಆಸ್ಥಾನದ ಮಾಂತ್ರಿಕ ಜಟಿಲಾಕ್ಷ ಕಿವಿಯಲ್ಲಿ ಹೇಳಿದ.

"ಮಹಾಪ್ರಭು, ಮಗುವಿನ ಪ್ರಾಣವನ್ನು ಮಗುವಿನಲ್ಲೇ ಯಾಕೆ ಇಡಬೇಕು? ಶತ್ರುಗಳಿಗೆ ತಿಳಿಯದ ಹಾಗೆ ಬೇರೆ ಕಡೆ ಬಚ್ಚಿಡೋಣ."

ರಾಜ ಹೂಂ ಅಂದ. ಮಾಂತ್ರಿಕ ಒಂದು ಕೆಂಪು ಕಾಳಗದ ಮೀನನ್ನು ಗಾಜಿನ ತೊಟ್ಟಿಗೆ ಬಿಟ್ಟು, ಮಗುವಿನ ಪ್ರಾಣವನ್ನು ಅದರೊಳಗೆ ಕಟ್ಟಿದ. ಅಂದಿನಿಂದ ಮೀನಿಗೆ ಹಸಿವಾದರೆ ಪದುಮಲೆಗೆ ಹಸಿವು, ಮೀನು ಮಲಗಿದರೆ ಪದುಮಲೆಗೆ ನಿದ್ದೆ.

ನಿಮಗೆ ಆಗಲೇ ಅನುಮಾನ ಬಂತಲ್ಲವೇ? ಬರಲಿ, ಸರಿಯಾದ ಅನುಮಾನವೇ. ಜಟಿಲಾಕ್ಷನಿಗೆ ಸಿಂಹಾಸನ ಬೇಕಿತ್ತು. ಆದರೆ ಪ್ರಾಣ ಕಟ್ಟಿದವನು ತಾನೇ ಆ ಪ್ರಾಣ ತೆಗೆಯುವಂತಿರಲಿಲ್ಲ, ತೆಗೆದರೆ ಅವನೇ ಸುಟ್ಟು ಬೂದಿಯಾಗುತ್ತಿದ್ದ. ಮೀನನ್ನು ಬೇರೆಯವರು ಕೊಲ್ಲಬೇಕಿತ್ತು. ಪ್ರೀತಿಯಿಂದ ಕೊಂದರೆ ಇನ್ನೂ ಒಳ್ಳೆಯದು, ಯಾರೂ ತಡೆಯುವುದಿಲ್ಲ.

ಪದುಮಲೆ ಬೆಳೆದಳು. ಅವಳಿಗೆ ಯುವರಾಣಿ ಪಟ್ಟ ಕಟ್ಟುವ ಮಾತು ಬಂತು. ಅಂದೇ ಜಟಿಲಾಕ್ಷ ರಾಜನ ಬಳಿಗೆ ಓಡಿಬಂದ.

"ಪ್ರಭು, ತೊಟ್ಟಿಯ ನೀರು ನೋಡಿದಿರಾ? ಒಂಥರಾ ಇದೆ. ನೀರು ಹೊರುವವರ ಮೇಲೆ ನನಗೆ ನಂಬಿಕೆಯಿಲ್ಲ."

ರಾಜ ನೀರು ಹೊರುವವರನ್ನೆಲ್ಲ ಸೆರೆಗೆ ಹಾಕಿಸಿದ. ದಿನವೂ ಹಳೆಯ ನೀರನ್ನೆಲ್ಲ ಚೆಲ್ಲಿ, ಪಾತಾಳಬಾವಿಯ ತಣ್ಣನೆಯ ನೀರನ್ನು ತಾನೇ ತುಂಬಿಸಿದ. ಮೀನು ರೆಕ್ಕೆ ಮುದುಡಿಕೊಂಡು ತಳ ಸೇರಿತು. ಪದುಮಲೆ ಏಳು ಕಂಬಳಿ ಹೊದ್ದರೂ ಗಡಗಡ ನಡುಗಿದಳು.

"ನೋಡಿದಿರಾ? ನೀರಲ್ಲಲ್ಲ, ಮೇವಿನಲ್ಲಿದೆ ಮೋಸ" ಎಂದ ಜಟಿಲಾಕ್ಷ. "ಆಸ್ಥಾನದವರೆಲ್ಲ ನಿಮ್ಮೆದುರೇ ಮೀನಿಗೆ ಒಂದೊಂದು ಚಿಟಿಕೆ ಮೇವು ಹಾಕಲಿ. ಕೈ ನಡುಗಿದವನೇ ಕಳ್ಳ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜನ. ತಾವು ಕಳ್ಳರಲ್ಲ ಎಂದು ತೋರಿಸಲು ಮಂತ್ರಿಯಿಂದ ಹಿಡಿದು ದೀವಟಿಗೆಯವನವರೆಗೆ ಎಲ್ಲರೂ ಸಾಲಾಗಿ ಬಂದು ಹಾಕಿದರು. ಆ ಮೀನಿನ ಹೊಟ್ಟೆಯೋ, ಅದರ ಕಣ್ಣಿನಷ್ಟು! ಅದು ಉಬ್ಬಿ ಮಗುಚಿಕೊಂಡಿತು. ಪದುಮಲೆ ಹೊಟ್ಟೆ ಹಿಡಿದುಕೊಂಡು ಹೊರಳಾಡಿದಳು.

ಆಗ ಮಾಂತ್ರಿಕ ಮೂರನೆಯ ಉಪಾಯ ತೆಗೆದ. "ತೊಟ್ಟಿಯ ನಾಲ್ಕೂ ಕಡೆ ಕನ್ನಡಿ ಇಡಿ ಪ್ರಭು. ಯಾರು ಹಿಂದಿನಿಂದ ಬಂದರೂ ಕಾಣಲಿ."

ಕನ್ನಡಿ ಇಟ್ಟರು. ಮೀನಿಗೆ ನಾಲ್ಕೂ ದಿಕ್ಕಿನಲ್ಲಿ ನಾಲ್ಕು ಶತ್ರು ಮೀನುಗಳು ಕಂಡವು. ಅದು ಕಿವಿರು ಅಗಲಿಸಿತು, ಬಾಲ ಕೆದರಿತು, ಗಾಜಿಗೆ ಹಾಯ್ದು ಹಾಯ್ದು ರೆಕ್ಕೆಗಳನ್ನೆಲ್ಲ ಹರಿದುಕೊಂಡಿತು. ಇತ್ತ ಪದುಮಲೆಯ ನೀಳ ಕೂದಲು ಹಿಡಿಹಿಡಿಯಾಗಿ ಉದುರಿತು. ಉಸಿರು ನೂಲಿನಷ್ಟಾಯಿತು.

ಹೀಗಿರುವಾಗ ಕಿಟಕಿಯಾಚೆಯ ಕಾಡುಬಾದಾಮಿ ಮರದಿಂದ ಒಂದು ಒಣಗಿದ ಎಲೆ ಹಾರಿಬಂದು ತೊಟ್ಟಿಯಲ್ಲಿ ಬಿತ್ತು. ದಣಿದ ಮೀನು ಅದರ ಅಡಿಯಲ್ಲಿ ಅವಿತುಕೊಂಡಿತು. ತೊಟ್ಟಿಯ ಬಳಿಯ ಹಾಸಿಗೆಯಲ್ಲಿ ಪದುಮಲೆ ಕಣ್ಣು ಬಿಟ್ಟಳು. ಅವಳನ್ನು ಎದೆಹಾಲು ಕೊಟ್ಟು ಬೆಳೆಸಿದ ದಾದಿ ಬೊಮ್ಮಕ್ಕ ಪಕ್ಕದಲ್ಲೇ ಕೂತಿದ್ದಳು.

"ಬೊಮ್ಮಕ್ಕಾ, ಹಾಯೆನಿಸುತ್ತಿದೆ. ಇನ್ನೆರಡು ಎಲೆ ಹಾಕು."

ಬೊಮ್ಮಕ್ಕ ಹಾಕಿದಳು. ಬೆಳಗಾಗುವಷ್ಟರಲ್ಲಿ ತೊಟ್ಟಿಯ ನೀರು ಕಷಾಯದ ಬಣ್ಣಕ್ಕೆ ತಿರುಗಿತ್ತು. ರಾಜ ನೋಡಿದ. ಅವನ ಕಣ್ಣು ಕೆಂಡವಾಯಿತು.

"ವಿಷ! ಯಾರು ಹಾಕಿದ್ದು?"

"ನಾನೇ ಹಾಕ್ದೆ ಬುದ್ಧೀ, ಬರೀ ಎಲೆ ಅದು. ನನ್ನ ಹಾಲು ಕುಡಿದ ಕೂಸಿಗೆ ನಾ ವಿಷ ಹಾಕ್ತೀನಾ?" ಎಂದು ಬೊಮ್ಮಕ್ಕ ಅತ್ತಳು.

ಜಟಿಲಾಕ್ಷನಲ್ಲಿ ಒಂದು ಘೋರ ಮಂತ್ರವಿತ್ತು. ಅದನ್ನು ಮೂರು ಸಲ ಜಪಿಸಿ, ಕೊನೆಯ ಅಕ್ಷರವನ್ನು ಯಾರ ಮುಖ ನೋಡುತ್ತ ಮುಗಿಸುತ್ತಾನೋ, ಅವರು ಸೊಳ್ಳೆಯ ಮರಿಯಂಥ ಹುಳುವಾಗುತ್ತಿದ್ದರು. ರಾಜ ಸನ್ನೆ ಮಾಡಿದ. ಮಾಂತ್ರಿಕ ಬೊಮ್ಮಕ್ಕನ ಮುಖ ನೋಡುತ್ತ ಒಂದು ಸಲ ಜಪಿಸಿದ.

"ಅಪ್ಪಾ" ಎಂದು ಪದುಮಲೆ ಹಾಸಿಗೆಯಿಂದಲೇ ಕರೆದಳು. "ನೀರಿನವರನ್ನು ಕೇಳಿದಿರಿ, ಮಂತ್ರಿಗಳನ್ನು ಕೇಳಿದಿರಿ. ಮೀನಿಗೆ ಏನಾಗುತ್ತಿದೆ ಎಂದು ನನ್ನನ್ನು ಒಂದು ಸಲವಾದರೂ ಕೇಳಿದಿರಾ? ನಿಮ್ಮ ಹೊಸ ನೀರಿಗೆ ನಡುಗಿದೆ. ನಿಮ್ಮ ಮೇವಿಗೆ ಹೊಟ್ಟೆ ಬಿರಿಯಿತು. ನಿಮ್ಮ ಕನ್ನಡಿಯಿಂದ ಸಾಯುತ್ತಿದ್ದೇನೆ. ಈ ಎಲೆಯ ನೀರಿನಲ್ಲಿ ಮಾತ್ರ ನನಗೆ ಉಸಿರು ಬಂತು."

ಮಾಂತ್ರಿಕ ಎರಡನೆಯ ಸಲ ಜಪಿಸಿ ಮುಗಿಸಿ, ರಾಜನ ಕಡೆ ಬಾಗಿದ. "ಪ್ರಭು, ಯುವರಾಣಿಯೂ ದಾದಿಯ ಜೊತೆ ಸೇರಿಕೊಂಡಿರಬಹುದಲ್ಲವೇ?"

ಸೇರಿಕೊಂಡಿರಬಹುದು! ಅಭ್ಯಾಸಬಲದಿಂದ ರಾಜನ ಕಣ್ಣು ಮಗಳ ಮೇಲೆ ಕಿಡಿಕಾರಿತು. ಅಷ್ಟರಲ್ಲಿ ತೊಟ್ಟಿಯ ಬಳಿಯ ಕನ್ನಡಿಯಲ್ಲಿ ಅವನಿಗೆ ತನ್ನದೇ ಮುಖ ಕಂಡಿತು. ಕೆನ್ನೆ ಉಬ್ಬಿತ್ತು, ಮೀಸೆ ಕೆದರಿತ್ತು. ಪಕ್ಕದಲ್ಲೇ ಮೀನು ಎಲೆಯಡಿಯಿಂದ ಹೊರಬಂದು, ಮತ್ತೆ ಕಿವಿರು ಅಗಲಿಸಿಕೊಂಡು, ಇಲ್ಲದ ಶತ್ರುವಿನ ಮೇಲೆ ಏರಿಹೋಗುತ್ತಿತ್ತು. ಇಬ್ಬರೂ ಒಂದೇ ಥರ ಕಾಣುತ್ತಿದ್ದರು.

ರಾಜನಿಗೆ ನಾಚಿಕೆಯಾಯಿತು. ಸಾಯುತ್ತಿರುವ ಮಗಳ ಮೇಲೂ ಅನುಮಾನ ಹತ್ತಿಸುವ ಬಾಯಿ ಎಂಥದು ಎಂಬುದೂ ಅವನಿಗೆ ಆಗ ಹೊಳೆಯಿತು. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಜಟಿಲಾಕ್ಷ ಮೂರನೆಯ ಸಲ ಜಪಿಸಲು ಶುರುಮಾಡಿದ್ದ. ರಾಜ ಆ ಕನ್ನಡಿಯನ್ನು ಕಿತ್ತು, ಬೊಮ್ಮಕ್ಕನ ಮುಖಕ್ಕೆ ಅಡ್ಡ ಹಿಡಿದ.

ಬಾಯಿಗೆ ಬಂದ ಮಂತ್ರವನ್ನು ನುಂಗಲಾಗಲಿಲ್ಲ. ಮಾಂತ್ರಿಕ ತನ್ನ ಮುಖವನ್ನೇ ನೋಡುತ್ತ ಕೊನೆಯ ಅಕ್ಷರ ಮುಗಿಸಿದ. ಮುಗಿದದ್ದೇ ತಡ, ಅವನಿದ್ದ ಜಾಗದಲ್ಲಿ ಒಂದು ಕರಿಯ ಹುಳು ಪುಟಕ್ಕನೆ ಹಾರಿ ತೊಟ್ಟಿಯೊಳಗೆ ಬಿತ್ತು. ಮೀನು ಸರ್ರನೆ ಬಂದು ಅದನ್ನು ಗುಳುಂ ಎಂದು ನುಂಗಿತು. ಆ ದಿನ ಅದಕ್ಕೆ ಬೇರೆ ಮೇವು ಹಾಕಲಿಲ್ಲ. ಅಷ್ಟೇ ಸಾಕಾಯಿತು.

ಕಟ್ಟಿದವನೇ ಹೋದ ಮೇಲೆ ಕಟ್ಟು ನಿಂತೀತೇ? ಪದುಮಲೆಯ ಪ್ರಾಣ ಪದುಮಲೆಯ ಎದೆಗೇ ಮರಳಿತು. ಸೆರೆಯಲ್ಲಿದ್ದವರು ಮನೆ ಸೇರಿದರು. ಕನ್ನಡಿಗಳು ಅಟ್ಟ ಸೇರಿದವು. ಮೀನನ್ನು ಮಾತ್ರ ಅವಳು ಬಿಟ್ಟುಕೊಡಲಿಲ್ಲ. ಬಿಸಿಲು ಕಾಸಿದ ನೀರನ್ನು ವಾರಕ್ಕೊಮ್ಮೆ ಸ್ವಲ್ಪವೇ ಬದಲಿಸುತ್ತಿದ್ದಳು, ಎರಡೇ ಚಿಟಿಕೆ ಮೇವು ಹಾಕುತ್ತಿದ್ದಳು. ಮೀನಿಗೆ ಹೊಸ ರೆಕ್ಕೆ ಬಂತು. ಒಂದು ಬೆಳಿಗ್ಗೆ ಅದು ನೀರಿನ ಮೇಲೆ ನೊರೆಯ ಗೂಡು ಕಟ್ಟಿತ್ತು. "ಏನಿದು ನೊರೆ? ಯಾರು..." ಎಂದು ಶುರುಮಾಡಿದ ರಾಜ, ಮಗಳ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಅವಳು ನಗುತ್ತ ಹೇಳಿದಳು, "ಸುಖವಾಗಿದ್ದರೆ ಕಟ್ಟುತ್ತದೆ ಅಪ್ಪಾ."

ಪದುಮಲೆಯ ಪಟ್ಟಾಭಿಷೇಕದ ದಿನ ಬೊಮ್ಮಕ್ಕ ಒಲೆಯಿಂದ ಇಳಿಸಿದ ಸಾರನ್ನು ಹಾಗೆಯೇ ತಂದು ಬಡಿಸಿದಳು. ರುಚಿ ನೋಡುವ ಮೂವರು ವಾಡಿಕೆಯಂತೆ ಮುಂದೆ ಬಂದರು. ರಾಜ ಅವರನ್ನು ತನ್ನ ಪಂಕ್ತಿಯಲ್ಲೇ ಕೂರಿಸಿ, ಮೊದಲ ತುತ್ತನ್ನು ತಾನೇ ಬಾಯಿಗಿಟ್ಟ. ಇಟ್ಟವನು ಹಾ ಎಂದು ಕೂಗಿದ. ಕಣ್ಣಲ್ಲಿ ನೀರು ಬಂತು.

ಪದುಮಲೆ ಹೆದರಿ ಎದ್ದು ನಿಂತಳು. "ಅಪ್ಪಾ! ವಿಷವೇ?"

"ಇಲ್ಲ ಮಗಳೇ" ಎಂದ ರಾಜ, ಅಳುತ್ತ ನಗುತ್ತ. "ಬಿಸಿ!"

ಅಲ್ಲಿಂದ ಮುಂದೆ ಹರಳುಕೋಟೆಯಲ್ಲಿ ಎಲ್ಲರೂ ಬಿಸಿಬಿಸಿ ಉಂಡರು, ತಣ್ಣಗೆ ಬಾಳಿದರು.